ಮಾರ್ವಾಗೆ ಮಾತ್ರ ಹೇಳಬೇಡಿ

ಡಿಲಾಯ್ ಟಟಲ್ ಮೂವತ್ತೊಂದು ವರ್ಷ ಒಂದೇ ಒಂದು ಪ್ರವಾಸಕ್ಕೆ ತಯಾರಿ ನಡೆಸಿದ. ಹೋಗಬೇಕಾದ ಜಾಗ ಅವನ ಮನೆಯಿಂದ ನಲವತ್ತು ನಿಮಿಷದ ದಾರಿ.

ನಮ್ಮ ಸ್ಯಾಂಡ್‌ಫೋರ್ಕ್ ಊರಿನ ದಕ್ಷಿಣಕ್ಕೆ ನೆಲ ಇದ್ದಕ್ಕಿದ್ದಂತೆ ಸೀಳಿಕೊಂಡು ಕೆಂಪು ಕಮರಿಗಳಾಗಿ ಕೆಳಗಿಳಿಯುತ್ತದೆ. ಅದನ್ನು ನೋಡಲು ಜರ್ಮನಿಯಿಂದ, ಜಪಾನಿನಿಂದ ಜನ ಬರುತ್ತಾರೆ. ಊರಿನ ಕೊನೆಯ ಬೀದಿ ನಮ್ಮದು, ಹಾಗಾಗಿ ಡಿಲಾಯ್ ಮನೆಯ ಮುಂದೆಯೇ ಗಾಡಿ ನಿಲ್ಲಿಸಿ ದಾರಿ ಕೇಳುತ್ತಿದ್ದರು. ಅವನು ಅಂಗಳಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಯಾವ ಕಮರಿಯಲ್ಲಿ ನೀರಿದೆ, ಯಾವುದರಲ್ಲಿ ಮರಳು ಚಕ್ರ ನುಂಗುತ್ತದೆ, ಯಾವ ಬಂಡೆಯ ನೆರಳು ಎಷ್ಟು ಗಂಟೆಗೆ ಎಲ್ಲಿ ಬೀಳುತ್ತದೆ ಎಂದು ಅರ್ಧ ಗಂಟೆ ವಿವರಿಸುತ್ತಿದ್ದ. ಅವರು ಕೈಕುಲುಕಿ ಹೊರಡುತ್ತಿದ್ದರು. ತಾನು ಅಲ್ಲಿಗೆ ಒಂದು ಸಲವೂ ಹೋಗಿಲ್ಲ ಎಂಬುದನ್ನು ಡಿಲಾಯ್ ಹೇಳುತ್ತಿರಲಿಲ್ಲ. ಅವರೂ ಕೇಳುತ್ತಿರಲಿಲ್ಲ.

ನಾನು ಅವನ ಎದುರು ಮನೆಯವನು. ಶಾಲೆ ಬಸ್ಸು ಓಡಿಸಿ ನಿವೃತ್ತನಾದವನು. ಡಿಲಾಯ್ ಊರಿನ ನೀರಿನ ಮೀಟರು ಓದುವ ಕೆಲಸದಲ್ಲಿದ್ದ. ದಿನವಿಡೀ ಬಗ್ಗಿ ಅಂಕಿ ನೋಡಿ ನೋಡಿ, ಯಾವುದನ್ನೂ ಅಳೆಯದೆ ನಂಬುವ ಶಕ್ತಿಯೇ ಅವನಿಗೆ ಹೊರಟುಹೋಗಿತ್ತು. ಪ್ರವಾಸಕ್ಕೆಂದು ಅವನ ಬಳಿ ಏಳು ದಪ್ಪ ಫೈಲುಗಳಿದ್ದವು. ಮಲಗುವುದು, ಅಡುಗೆ, ಸ್ನಾನ ಎಲ್ಲ ಒಳಗೇ ಆಗುವಂಥ ಕ್ಯಾಂಪರ್ ವ್ಯಾನಿನಲ್ಲಿ ಹೆಂಡತಿ ಮಾರ್ವಾಳನ್ನು ಕೂರಿಸಿಕೊಂಡು ಕಮರಿಯ ತಳದಲ್ಲಿ ಮೂರು ದಿನ ಇದ್ದು ಬರಬೇಕು, ಅಷ್ಟೇ. ಆದರೆ ಒಂದು ವರ್ಷ ವ್ಯಾನಿನ ಎತ್ತರ ಸರಿಬರಲಿಲ್ಲ. ಇನ್ನೊಂದು ವರ್ಷ ಮೊಣಕಾಲು ಊದಿತು. ಮತ್ತೊಂದು ವರ್ಷ ಕಮರಿಗೆ ಇಳಿಯುವ ಪರ್ಮಿಟ್ಟಿಗೆ ಚೀಟಿ ಎತ್ತಿದಾಗ ಅವನ ಹೆಸರು ಬರಲಿಲ್ಲ. ಮಾರ್ವಾ ಪ್ರತಿ ಏಪ್ರಿಲ್‌ನಲ್ಲಿ ಒಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು, ಜೂನ್‌ನಲ್ಲಿ ತೆಗೆಯುತ್ತಿದ್ದಳು.

ನಾನು ಹೇಳುತ್ತಿರುವ ವರ್ಷ, ಮೇ ತಿಂಗಳ ಒಂದು ಸೋಮವಾರ, ಅವಳು ಜೂನ್ ಬರುವವರೆಗೆ ಕಾಯಲಿಲ್ಲ. ಬೆಳಗಿನ ತಿಂಡಿಯ ಹೊತ್ತು. ಡಿಲಾಯ್ ಆರನೇ ಫೈಲಿನಿಂದ ನೀರಿನ ಟ್ಯಾಂಕು ಎಷ್ಟು ಗ್ಯಾಲನ್ನಿನದಾಗಿರಬೇಕು ಎಂಬುದನ್ನು ಓದಿ ಹೇಳುತ್ತಿದ್ದ. ಅವಳು ಎದ್ದು ನಿಂತು ಹೇಳಿದ್ದು ಎರಡೇ ಮಾತು.

"ನಾನು ವೋಂಡಾ ಮನೆಗೆ ಹೋಗ್ತೀನಿ, ಡಿಲಾಯ್. ನಿನ್ನ ಪ್ಲಾನು ಮುಗಿದಾಗ ಹೇಳು."

ವೋಂಡಾ ಅವಳ ತಂಗಿ, ದೂರದ ನಗರ ಟೂಸಾನ್‌ನಲ್ಲಿದ್ದಾಳೆ. ಬೇರೆ ಯಾವ ಗಂಡನಿಗಾದರೂ ಆ ಮಾತಿನ ಅರ್ಥ ತಕ್ಷಣ ಆಗುತ್ತಿತ್ತು. ಡಿಲಾಯ್‌ಗೆ ಅದು ಗಡುವಿನಂತೆ ಕೇಳಿಸಿತು. ಹೆಂಡತಿ ಪ್ಲಾನು ಮುಗಿಸು ಎಂದಿದ್ದಾಳೆ, ಮುಗಿಸಬೇಕು. ಮುಗಿಸಿ, ವ್ಯಾನನ್ನೇ ತಂಗಿಯ ಮನೆ ಬಾಗಿಲಿಗೆ ಒಯ್ದು ನಿಲ್ಲಿಸಿ ಅವಳನ್ನು ಬೆರಗುಗೊಳಿಸಬೇಕು. ಅಲ್ಲಿಯವರೆಗೆ ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದ.

ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಬೀದಿಗೆ ಗೊತ್ತಿದ್ದದ್ದು ಇಷ್ಟೇ: ಮಾರ್ವಾ ಕಾಣಿಸುತ್ತಿಲ್ಲ. ಭಾನುವಾರ ಪ್ರಾರ್ಥನೆಗೂ ಡಿಲಾಯ್ ಒಬ್ಬನೇ ಬಂದಿದ್ದ. ಕೇಳಿದವರಿಗೆ, ಅವಳಿಗೆ ಬರೋಕಾಗುವ ಸ್ಥಿತಿ ಇಲ್ಲ ಎಂದು ಹೇಳಿ ಕಿಟಕಿಯ ಕಡೆ ನೋಡಿದ್ದ.

ಒಂಬತ್ತನೇ ದಿನ, ಬುಧವಾರ, ವ್ಯಾನು ಬಂತು.

ಉದ್ದನೆಯ ಬಿಳಿ ವ್ಯಾನು. ಪಕ್ಕಕ್ಕೆ ಕಿಟಕಿಗಳಿಲ್ಲ. ಪಕ್ಕದ ಕೌಂಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಒಬ್ಬಾತ ಅಂಗಡಿ ಮುಚ್ಚಿದಾಗ ಡಿಲಾಯ್ ಅದನ್ನು ಕೊಂಡಿದ್ದ. ಮೈಮೇಲಿನ ಅಕ್ಷರಗಳನ್ನು ಕಿತ್ತಿದ್ದರೂ ಅವುಗಳ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದ್ದರಿಂದ, 'ನಿಮ್ಮ ದುಃಖದಲ್ಲಿ ನಾವಿದ್ದೇವೆ' ಎಂಬ ಸಾಲು ಸಂಜೆಯ ಓರೆ ಬೆಳಕಿನಲ್ಲಿ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಡಿಲಾಯ್‌ಗೆ ಆ ವ್ಯಾನು ಹಿಡಿಸಿದ್ದು ಒಳಗಿನ ನೆಲದಲ್ಲಿದ್ದ ಉರುಳೆಗಳಿಗಾಗಿ. ಹಾಸಿಗೆಯನ್ನು ಒಂದು ಬೆರಳಿನಿಂದ ಒಳಗೆ ತಳ್ಳಬಹುದು, ಹೊರಗೆ ಎಳೆಯಬಹುದು. ಯಾವ ಕ್ಯಾಂಪರ್ ಕಂಪನಿಗೂ ಇದು ಹೊಳೆದಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯ.

ಮಾರಿದಾತನೇ ವ್ಯಾನು ಓಡಿಸಿಕೊಂಡು ಬಂದಿದ್ದ. ನಲವತ್ತು ವರ್ಷದ ರೂಢಿ, ಕಪ್ಪು ಸೂಟು ಹಾಕಿದ್ದ. ಹಿಂದಕ್ಕೆ ತಂದು ಮುಂಬಾಗಿಲಿಗೆ ಒತ್ತಿ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಇಬ್ಬರೂ ಮನೆಯೊಳಗಿಂದ ಉದ್ದನೆಯದೊಂದನ್ನು ಹೊತ್ತು ತಂದರು. ಅದು ಸುರುಳಿ ಸುತ್ತಿದ ಹಾಸಿಗೆ. ಧೂಳಾಗದಿರಲೆಂದು ಡಿಲಾಯ್ ಬಿಳಿ ಚಾದರ ಹೊದಿಸಿ, ಎರಡು ಕೊನೆಗೂ ನಡುವಿಗೂ ಹಗ್ಗ ಬಿಗಿದಿದ್ದ. ಉರುಳೆಗಳ ಮೇಲೆ ಅದು ಸದ್ದಿಲ್ಲದೆ ಒಳಗೆ ಸರಿಯಿತು. ಸೂಟಿನವನು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಕೈಗಳನ್ನು ಮುಂದೆ ಕಟ್ಟಿಕೊಂಡು, ತಲೆ ಬಗ್ಗಿಸಿ ಅರ್ಧ ನಿಮಿಷ ನಿಂತ. ಪಾಪ, ಬಾಗಿಲು ಮುಚ್ಚಿದ ಮೇಲೆ ಬೇರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಇದಿಷ್ಟನ್ನೂ ಪಕ್ಕದ ಮನೆಯ ನೆಡ್ರಾ ಸ್ಟೌಟ್ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ನಮ್ಮ ಚರ್ಚಿನ ಹೆಂಗಸರ ಸಂಘಕ್ಕೆ ಅವಳೇ ಮುಖ್ಯಸ್ಥೆ; ಚರ್ಚಿನವರು ಪರಸ್ಪರ ಬ್ರದರ್, ಸಿಸ್ಟರ್ ಎಂದೇ ಕರೆಯುವುದು. ಒಂದು ಗಂಟೆಯೊಳಗೆ ಊರಿನ ಹದಿನಾಲ್ಕು ಒಲೆಗಳಲ್ಲಿ ಆಲೂಗಡ್ಡೆ ಬೇಯುತ್ತಿತ್ತು.

ಆಲೂಗಡ್ಡೆಯ ವಿಷಯ ಹೇಳಲೇಬೇಕು. ನಮ್ಮಲ್ಲಿ ಯಾರಾದರೂ ಹೋದರೆ ಆಲೂಗಡ್ಡೆ ತುರಿದು, ಹುಳಿ ಕೆನೆ ಮತ್ತು ಚೀಸು ಬೆರೆಸಿ, ಮೇಲೆ ಕಾರ್ನ್‌ಫ್ಲೇಕ್ಸ್ ಪುಡಿ ಉದುರಿಸಿ, ಒಲೆಯಲ್ಲಿ ಕೆಂಪಗೆ ಬೇಯಿಸಿ ಆ ಮನೆಗೆ ಒಯ್ಯುತ್ತೇವೆ. ಬಾಗಿಲಿಗೆ ಆ ತಟ್ಟೆ ಬಂತೆಂದರೆ ಬೇರೆ ಮಾತು ಬೇಕಾಗಿಲ್ಲ. ಬೇಕಾಗಿಲ್ಲ ಎಂದೇ ಯಾರೂ ಆಡುವುದೂ ಇಲ್ಲ. ಸ್ಯಾಂಡ್‌ಫೋರ್ಕಿನಲ್ಲಿ ಯಾರೂ ಸಾಯುವುದಿಲ್ಲ. ಹೋಗುತ್ತಾರೆ. ಮುಂದೆ ಸಾಗುತ್ತಾರೆ. ನಮ್ಮ ನಡುವೆ ಇರುವುದಿಲ್ಲ. ಈ ನಾಜೂಕೇ ನಮ್ಮನ್ನು ಹಾಳು ಮಾಡಿತು.

ಮೊದಲ ತಟ್ಟೆ ನೆಡ್ರಾಳದು. ಆ ಮಾತುಕತೆಯನ್ನು ಆಮೇಲೆ ಅವಳೇ ನನಗೆ ಅಕ್ಷರ ಬಿಡದೆ ಹೇಳಿದ್ದಾಳೆ.

"ಬ್ರದರ್ ಟಟಲ್, ನಾನು ಕಿಟಕಿಯಿಂದ ಎಲ್ಲಾ ನೋಡಿದೆ," ಅಂದಳು.

ಡಿಲಾಯ್‌ನ ಮುಖ ಸಪ್ಪಗಾಯಿತು. ಗುಟ್ಟು ಅರ್ಧ ದಿನವೂ ನಿಲ್ಲಲಿಲ್ಲವಲ್ಲ. "ನೋಡಿದ್ರಾ? ಇರ್ಲಿ, ಅಷ್ಟು ದೊಡ್ಡದನ್ನ ಎಲ್ಲಿ ಮುಚ್ಚಿಡ್ಲಿ. ಆದ್ರೆ ಸಿಸ್ಟರ್ ಸ್ಟೌಟ್, ದಯವಿಟ್ಟು ಮಾರ್ವಾಗೆ ಮಾತ್ರ ಹೇಳಬೇಡಿ."

ನೆಡ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವಳು ಹೋಗಿದ್ದು ಯಾವಾಗ?"

"ಹೋದ ವಾರ ಸೋಮವಾರ. ತಿಂಡಿ ತಿಂತಾ ಇದ್ವಿ. ನಾನು ನೀರಿನ ಟ್ಯಾಂಕಿನ ವಿಷಯ ಓದ್ತಿದ್ದೆ. ಎದ್ದಳು, ಹೋದಳು."

"ನೋವೇನೂ ಇರಲಿಲ್ವಾ?"

"ಇತ್ತೋ ಏನೋ. ನಾನು ಫೈಲಿಂದ ತಲೆ ಎತ್ತಿರಲಿಲ್ಲ."

ನೆಡ್ರಾ ಕಣ್ಣೊರೆಸಿಕೊಂಡು, ಈಗ ಅವಳು ಒಳ್ಳೆಯ ಜಾಗದಲ್ಲಿದ್ದಾಳೆ, ಅಷ್ಟೇ ಸಮಾಧಾನ ಎಂದಳು.

"ಒಳ್ಳೇ ಜಾಗ ಏನಲ್ಲ," ಎಂದ ಡಿಲಾಯ್. "ಇಕ್ಕಟ್ಟು. ಕಿಟಕಿ ಇಲ್ಲ. ಆದ್ರೆ ಬರೀ ಮಲಗೋಕೆ ಅಷ್ಟು ಸಾಕಲ್ವಾ?"

ವೋಂಡಾಳ ಮನೆಯ ಹಿಂದಿನ ಕೋಣೆಯ ಬಗ್ಗೆ ಅವನು ಹೇಳಿದ್ದು. ನೆಡ್ರಾ ತಟ್ಟೆಯನ್ನು ಅವನ ಕೈಗಿಟ್ಟು ಓಡಿಹೋದಳು.

ಸಂಜೆಯ ಹೊತ್ತಿಗೆ ಅವನ ಮೇಜಿನ ಮೇಲೆ ಹನ್ನೊಂದು ತಟ್ಟೆ ಆಲೂಗಡ್ಡೆ ಸೇರಿತ್ತು. ಪ್ರವಾಸದ ಸುದ್ದಿ ಹರಡಿದೆ, ಜನ ದಾರಿಗೆ ಬುತ್ತಿ ಕೊಡುತ್ತಿದ್ದಾರೆ ಎಂದುಕೊಂಡು ಅವನು ಪ್ರತಿಯೊಂದನ್ನೂ ನಾಲ್ಕನೇ ಫೈಲಿನಲ್ಲಿ 'ಆಹಾರ' ಎಂಬ ವಿಭಾಗದಲ್ಲಿ ಬರೆದುಕೊಂಡ. ಇತರರ ಮನೆಯ ಸಾವುಗಳಲ್ಲಿ ಅವನು ಆ ಆಲೂಗಡ್ಡೆಯನ್ನು ಎರಡೆರಡು ಸಲ ಬಡಿಸಿಕೊಂಡು ತಿಂದವನೇ. ತನ್ನ ಮನೆಗೆ ಯಾಕೆ ಬಂತೆಂದು ಯೋಚಿಸಲಿಲ್ಲ. ರುಚಿಯಾದದ್ದನ್ನು ಅನುಮಾನಿಸುವ ಸ್ವಭಾವ ಅವನದಲ್ಲ.

ನಾನೂ ಹೋದೆ. ನನಗೆ ಒಲೆಯ ಕೆಲಸ ಬಾರದು, ಹಾಗಾಗಿ ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ ಒಯ್ದೆ. ಅದು ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ. ಮಾರ್ವಾ ನನ್ನ ಹೆಂಡತಿಯ ಕೊನೆಯ ತಿಂಗಳಲ್ಲಿ ದಿನಾ ಬಂದು ಕೂರುತ್ತಿದ್ದವಳು. ಯಾವಾಗ ಎಂದು ಕೇಳಿದೆ.

"ಶನಿವಾರ ಬೆಳಿಗ್ಗೆ ಏಳಕ್ಕೆ," ಎಂದ.

"ಅಷ್ಟು ಬೇಗ?"

"ಇನ್ನೂ ತಡ ಮಾಡಿದ್ರೆ ಕೆಡುತ್ತೆ, ಒರಿನ್. ಈಗ್ಲೇ ಒಂಬತ್ತು ದಿನ ಆಯ್ತು."

ನಾನು ಮನೆಗೆ ಬಂದು ದೀಪ ಹಾಕದೆ ಕುಳಿತೆ.

ಮರುದಿನ ಬೆಳಿಗ್ಗೆ ಚರ್ಚಿನ ಬಿಷಪ್ ಕಿಂಬರ್ ಬಂದರು. ವಾರದ ಆರು ದಿನ ಟೈರ್ ಅಂಗಡಿ ನಡೆಸುವವರು, ಏಳನೇ ದಿನ ನಮ್ಮ ಆತ್ಮಗಳನ್ನು ನೋಡಿಕೊಳ್ಳುವವರು. ಡಿಲಾಯ್ ಅವರನ್ನು ಕೂರಿಸಿ ಆಲೂಗಡ್ಡೆ ಕೊಟ್ಟ. ಅವಳನ್ನು ಎಲ್ಲಿಗೆ ಒಯ್ಯಬೇಕೆಂದಿದ್ದೀರಿ ಎಂದು ಅವರು ಕೇಳಿದರು. ಕಮರಿಗೆ ಎಂದ ಡಿಲಾಯ್. ಮೂವತ್ತೊಂದು ವರ್ಷದಿಂದ ಮಾತು ಕೊಟ್ಟಿದ್ದೇನೆ, ಒಂದು ಸಲವೂ ಕರೆದೊಯ್ಯಲಿಲ್ಲ, ಈಗಲಾದರೂ ಕರೆದೊಯ್ಯಬೇಕು; ಆದರೆ ಪರ್ಮಿಟ್ ಇಲ್ಲದೆ ತಳಕ್ಕೆ ಬಿಡುವುದಿಲ್ಲ, ಈ ವರ್ಷವೂ ಚೀಟಿಯಲ್ಲಿ ಹೆಸರು ಬಂದಿಲ್ಲ ಎಂದು ವಿವರಿಸಿದ. ಬಿಷಪ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಆಮೇಲೆ, ಇಂಥ ಸಂದರ್ಭಕ್ಕೆ ಚೀಟಿ ಎತ್ತಬೇಕಾಗಿಲ್ಲ ಬ್ರದರ್, ನಾನು ಫೋನ್ ಮಾಡುತ್ತೇನೆ ಎಂದರು. ಮೂವತ್ತೊಂದು ವರ್ಷದಲ್ಲಿ ಈ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ಡಿಲಾಯ್ ಹಣೆ ಚಚ್ಚಿಕೊಂಡ. ಶುಕ್ರವಾರ ನಾಲ್ಕು ಗಂಟೆಗೆ ಎಲ್ಲರೂ ಸಭಾಂಗಣದಲ್ಲಿ ಸೇರೋಣ, ನೀವು ಎರಡು ಮಾತಾಡಬೇಕು ಎಂದು ಬಿಷಪ್ ಹೇಳಿದಾಗ, ಒಂದು ಪ್ರವಾಸಕ್ಕೆ ಬೀಳ್ಕೊಡುಗೆ ಸಮಾರಂಭವೇ ಎಂದು ಅವನಿಗೆ ಸಂಕೋಚವಾಯಿತು. ಬೇಡವೆನ್ನಲಿಲ್ಲ. ನಕಾಶೆ ತರಬಹುದೇ ಎಂದು ಮಾತ್ರ ಕೇಳಿದ.

ಪರ್ಮಿಟ್ ಕಚೇರಿಯಲ್ಲಿ ಕುಳಿತಿದ್ದವಳು ಕೊರಿನ್ ಬೆನಾಲಿ. ಎರಡು ದಶಕ ಪ್ರವಾಸಿಗರ ಸುಳ್ಳು ಕೇಳಿ ಗಟ್ಟಿಯಾದ ಹೆಂಗಸು. ಅವತ್ತು ಮಾತ್ರ ಎದ್ದು ನಿಂತು ಕುರ್ಚಿ ಸರಿಸಿದಳು, ಅರ್ಜಿ ತಾನೇ ತುಂಬಿದಳು. ನಿಯಮಗಳನ್ನು ಮೆಲುದನಿಯಲ್ಲಿ ಓದಿ ಹೇಳಿದಳು: ಗುರುತಿನ ಕಲ್ಲು ನೆಡುವಂತಿಲ್ಲ, ಹೂವು ಬಿಡುವಂತಿಲ್ಲ, ಬೂದಿಯನ್ನು ನೀರಿನಿಂದ ನೂರು ಗಜ ದೂರದಲ್ಲಿ ಚೆಲ್ಲಬೇಕು.

"ಬೂದಿ ಆಗಲ್ಲ ಮೇಡಂ," ಎಂದ ಡಿಲಾಯ್. "ಬೆಂಕಿ ಹಾಕೋದೇ ಇಲ್ಲ. ಮಾರ್ವಾಗೆ ಹೊಗೆ ಅಂದ್ರೆ ಆಗಲ್ಲ. ಗ್ಯಾಸ್ ಒಲೆ ಇದೆ."

ಕೊರಿನ್ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಅವರು... ಹಾಗೇ ಇದಾರಾ? ಇಡಿಯಾಗಿ?"

"ಇಡಿಯಾಗಿ ಅಂದ್ರೆ?"

"ವ್ಯಾನಲ್ಲೇ ಬರ್ತಾರಾ ಅಂತ."

"ಮತ್ತೆ? ಮೇಲೆ ಕಟ್ಟಿಕೊಂಡು ಹೋಗ್ಲಾ?"

ಅವನು ಸೋಮವಾರದಿಂದ ಬುಧವಾರದವರೆಗಿನ ಪರ್ಮಿಟ್ಟು ಜೇಬಿಗಿಟ್ಟುಕೊಂಡು ಹೊರಟ. ಎರಡೂ ಕೈ ಹಿಡಿದು ಕುಲುಕಿದನಂತೆ. ಕೊರಿನ್ ಶೆರಿಫ್ ಕಚೇರಿಗೆ ಫೋನ್ ಮಾಡಿದಳು.

ಮಧ್ಯಾಹ್ನ ಅಲ್ಲಿಂದ ಪೊಲೀಸ್ ಡೆಪ್ಯುಟಿ ಬಂದ. ಎತ್ತರದ, ಮೆದು ಮಾತಿನ ಮನುಷ್ಯ. ವ್ಯಾನು ನೋಡಬಹುದೇ ಎಂದ. ಡಿಲಾಯ್‌ಗೆ ಅದಕ್ಕಿಂತ ಸಂತೋಷ ಬೇರೆ ಇರಲಿಲ್ಲ. ಬಾಗಿಲು ತೆಗೆದು, ಹಾಸಿಗೆಯನ್ನು ಒಂದು ಬೆರಳಿನಿಂದ ಹೊರಗೆಳೆದು ತೋರಿಸಿದ, ಮತ್ತೆ ಒಳಗೆ ತಳ್ಳಿದ. ಡೆಪ್ಯುಟಿ ಚಾದರ ಎತ್ತಿ ನೋಡಿದ. ಹಾಸಿಗೆ, ಎರಡು ದಿಂಬು. ಒಂದರ ಮೇಲೆ ನೀಲಿ ದಾರದಲ್ಲಿ ಮಾರ್ವಾ ಎಂದು ಕಸೂತಿ. ಇದು ಅವಳ ಮಗ್ಗುಲು ಎಂದ ಡಿಲಾಯ್. ಆ ಕಡೆ ಮಲಗಿದರೆ ಟ್ಯಾಂಕಿನ ಸದ್ದು ಕೇಳಿಸುವುದಿಲ್ಲ. ಡೆಪ್ಯುಟಿ ಹೊರಗೆ ಬಂದು ಟೋಪಿ ತೆಗೆದು, ರಸ್ತೆ ದಾಟಿ ನನ್ನ ಅಂಗಳಕ್ಕೆ ಬಂದ. ಒಳಗೆ ಯಾರೂ ಇಲ್ಲ, ಹೆಂಗಸನ್ನು ಬೇರೆಲ್ಲೋ ಮಣ್ಣು ಮಾಡಿರಬೇಕು, ಮನುಷ್ಯನಿಗೆ ತಲೆ ನಿಂತಿಲ್ಲ, ಹುಷಾರಾಗಿ ನೋಡಿಕೊಳ್ಳಿ ಎಂದ.

ಅಲ್ಲಿಗೆ ನಮಗೆಲ್ಲ ಒಂದು ವಿಷಯ ಖಾತ್ರಿಯಾಯಿತು. ಇನ್ನು ಡಿಲಾಯ್ ಏನು ಹೇಳಿದರೂ ಎದುರಾಡಬಾರದು. ಮಾರ್ವಾ ಬಿಸ್ಕತ್ತು ಕೇಳಿದ್ದಳು ಎಂದು ಅವನು ಅಂಗಡಿಯಲ್ಲಿ ಹೇಳಿದಾಗ ಅಂಗಡಿಯವನು ಎರಡು ಪೊಟ್ಟಣ ಕೊಟ್ಟು ಮುಖ ತಿರುಗಿಸಿಕೊಂಡ. ಅವಳು ಕಿಟಕಿ ಬೇಕೆನ್ನಬಹುದು ಎಂದಾಗ ನಾನೇ ಗರಗಸ ಹಿಡಿದು ವ್ಯಾನಿನ ಪಕ್ಕಕ್ಕೆ ಒಂದು ಚೌಕ ಕೊರೆದುಕೊಟ್ಟೆ. ಮೂವತ್ತೊಂದು ವರ್ಷದಲ್ಲಿ ಆಗದ ಕೆಲಸ ಎರಡು ದಿನದಲ್ಲಿ ಮುಗಿಯಿತು. ಅವನ ಹೆಂಡತಿ ಸತ್ತಿದ್ದಾಳೆ ಎಂದು ತಿಳಿದ ಮೇಲೆ ಇಡೀ ಊರು ಅವನಿಗೆ ಸಹಾಯ ಮಾಡಿತು.

ನೆಡ್ರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಟೂಸಾನ್‌ನ ಹೂವಿನಂಗಡಿಗೆ ಫೋನ್ ಮಾಡಿ, ವೋಂಡಾಳ ವಿಳಾಸಕ್ಕೆ ಬಿಳಿ ಲಿಲ್ಲಿಗಳನ್ನು ಕಳಿಸಿದಳು. ಜೊತೆಗೆ ಒಂದು ಕಾರ್ಡು: 'ನಮ್ಮ ಪ್ರೀತಿಯ ಮಾರ್ವಾಳ ಅಗಲಿಕೆಯಿಂದ ಎದೆ ಒಡೆದಿದೆ. ಸ್ಯಾಂಡ್‌ಫೋರ್ಕಿನ ಸೋದರಿಯರು.' ಗುರುವಾರ ಸಂಜೆ ಬಾಗಿಲು ತೆರೆದು, ಸಹಿ ಹಾಕಿ, ಆ ಹೂವು ತೆಗೆದುಕೊಂಡವಳು ಮಾರ್ವಾ.

ಅವಳು ಕಾರ್ಡು ಓದಿ ಡಿಲಾಯ್‌ಗೆ ಫೋನ್ ಮಾಡಿದಳಂತೆ. ಅವನು ವ್ಯಾನಿನ ಕೆಳಗೆ ಮಲಗಿದ್ದ, ಎತ್ತಲಿಲ್ಲ. ಆಗ ಅವಳಿಗೆ ಬೇರೆಯೇ ಅರ್ಥ ಹೊಳೆಯಿತು. ಹೆಂಡತಿ ಬಿಟ್ಟುಹೋದಳೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಈ ಮನುಷ್ಯ ಊರಿಗೆಲ್ಲ ಅವಳು ಸತ್ತಳೆಂದು ಹೇಳಿದ್ದಾನೆ. ಶುಕ್ರವಾರ ಬೆಳಕು ಹರಿಯುವ ಮೊದಲೇ ಅಕ್ಕ ತಂಗಿ ಇಬ್ಬರೂ ವೋಂಡಾಳ ಕಾರಿನಲ್ಲಿ ಹೊರಟರು. ಹತ್ತು ಗಂಟೆಯ ದಾರಿ. 

ಸಭಾಂಗಣ ತುಂಬಿತ್ತು. ಮುಂದೆ ಮಾರ್ವಾಳ ಫೋಟೋ, ಅದರ ಸುತ್ತ ಹೂವು. ಡಿಲಾಯ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಗಲಲ್ಲಿ ನಕಾಶೆಯ ಸುರುಳಿ ಹಿಡಿದು ಬಂದ. ಫೋಟೋ ನೋಡಿ ಸ್ವಲ್ಪ ಹೊತ್ತು ನಿಂತು, ಅವಳಿಗೆ ಈ ಫೋಟೋ ಹಿಡಿಸುವುದಿಲ್ಲ, ಗಲ್ಲ ಎರಡು ಕಾಣುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಹೆಂಗಸರು ಹಾಡಿದರು. ಬಿಷಪ್ ಪ್ರಾರ್ಥಿಸಿದರು. ಆಮೇಲೆ ಡಿಲಾಯ್ ವೇದಿಕೆಗೆ ಹೋಗಿ, ಗೋಡೆಯ ಮೊಳೆಯಿಂದ ಹೂವಿನ ಚಕ್ರವೊಂದನ್ನು ಇಳಿಸಿ, ಆ ಮೊಳೆಗೆ ನಕಾಶೆ ತೂಗುಹಾಕಿದ.

ಅವನು ದಾರಿ ವಿವರಿಸಿದ. ಮೊದಲ ದಿನ ಇಲ್ಲಿ, ಎರಡನೇ ದಿನ ಅಲ್ಲಿ. ಅವಳಿಗೆ ಚಳಿ ತಡೆಯುವುದಿಲ್ಲವೆಂದು ಮೂರು ಕಂಬಳಿ ಇಟ್ಟಿದ್ದೇನೆ ಎಂದ. ಅವಳ ಮಗ್ಗುಲಿಗೆ ಕಿಟಕಿ ಬಂದಿದೆ, ಮಲಗಿದಲ್ಲಿಂದಲೇ ಬಂಡೆಗಳು ಕಾಣುತ್ತವೆ. ಅವಳು ನಿಧಾನವಾಗಿ ಏಳುವವಳು, ಎಬ್ಬಿಸುವುದಿಲ್ಲ. ಈ ಮೂರು ದಿನ ಒಂದು ಫೈಲನ್ನೂ ಒಯ್ಯುವುದಿಲ್ಲ. ಅವಳು ಎಷ್ಟು ಹೊತ್ತು ನೋಡುತ್ತಾಳೋ ಅಷ್ಟು ಹೊತ್ತು ಅಲ್ಲೇ ನಿಲ್ಲುವುದು. ಸಾಲು ಸಾಲಾಗಿ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಕೊರಿನ್ ಬೆನಾಲಿ ಹಿಂದಿನ ಸಾಲಿನಲ್ಲಿ ಅಳುತ್ತಿದ್ದಳು. ತನ್ನ ಪ್ಲಾನು ಕೇಳಿ ಯಾರಾದರೂ ಇಷ್ಟು ಕರಗಿದ್ದು ಡಿಲಾಯ್ ಜೀವನದಲ್ಲಿ ಅದೇ ಮೊದಲು.

ಹಿಂದಿನ ಬಾಗಿಲ ಬಳಿ ಮಾರ್ವಾ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಕೈಯಲ್ಲಿ ಆ ಕಾರ್ಡಿತ್ತು.

"ಡಿಲಾಯ್," ಎಂದಳು. "ನಾನು ಸತ್ತೆ ಅಂತ ಇವರಿಗೆ ಹೇಳಿದ್ಯಾ?"

ನೂರಿಪ್ಪತ್ತು ತಲೆಗಳು ತಿರುಗಿದವು. ನೆಡ್ರಾ ನಿಂತಿದ್ದಲ್ಲೇ ಕುಸಿದು ಕುಳಿತಳು, ಅಲ್ಲಿ ಕುರ್ಚಿ ಇರಲಿಲ್ಲ. ಬಿಷಪ್ ಕಿಂಬರ್ ಪುಸ್ತಕ ಎದೆಗೆ ಅಪ್ಪಿಕೊಂಡರು.  ಡಿಲಾಯ್ ಒಬ್ಬನ ಮುಖದಲ್ಲಿ ಮಾತ್ರ ಬೇಸರ ಕಾಣಿಸಿತು.

"ನೀನು ಈಗ್ಲೇ ಬರಬಾರದಿತ್ತು ಮಾರ್ವಾ," ಎಂದ. "ಗುಟ್ಟೆಲ್ಲಾ ಹಾಳಾಯ್ತು. ನಾಳೆ ನಾನೇ ಬರ್ತಿದ್ದೆ."

ಅವಳು ಸಾಲುಗಳ ನಡುವೆ ನಡೆದು ಬಂದಳು. ತನ್ನ ಫೋಟೋ ನೋಡಿದಳು, ಹೂವು ನೋಡಿದಳು, ನಕಾಶೆ ನೋಡಿದಳು. ಅಷ್ಟರಲ್ಲಿ ಅವಳಿಗೆ ನಡೆದದ್ದೆಲ್ಲ ತಿಳಿದಿರಬೇಕು. ಮೂವತ್ತೊಂದು ವರ್ಷ ಆ ಮನುಷ್ಯನ ಜೊತೆ ಬಾಳಿದವಳು. ಸಿಟ್ಟು ಅವಳ ಮುಖದಿಂದ ಇಳಿದುಹೋಯಿತು. ಇಳಿದ ಮೇಲೆ ಉಳಿದದ್ದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

"ನಾನು ಬಿಟ್ಟು ಹೋಗಿದ್ದೆ, ಡಿಲಾಯ್."

"ಗೊತ್ತು. ವೋಂಡಾ ಮನೆಗೆ."

"ನಿನ್ನನ್ನ ಬಿಟ್ಟು."

ಡಿಲಾಯ್ ತಿರುಗಿ ನಕಾಶೆಯನ್ನು ಮೊಳೆಯಿಂದ ತೆಗೆದ. ಅದನ್ನು ಮಡಿಸಲು ಹೊರಟ. ಅದು ಸುತ್ತಿಡುವ ನಕಾಶೆ, ಮಡಿಸುವುದಲ್ಲ. ಅವನಿಗೆ ಅದು ಮರೆತುಹೋಗಿತ್ತು. ಒಂದು ಕಡೆ ಮಡಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ನೂರಿಪ್ಪತ್ತು ಜನ ಒಬ್ಬ ಮುದುಕ ಕಾ‌ಗದ ಮಡಿಸುವುದನ್ನು ನೋಡಿದೆವು. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಕೊನೆಗೆ ಮಾರ್ವಾಳೇ ಇನ್ನೊಂದು ಕೊನೆ ಹಿಡಿದುಕೊಂಡಳು.

"ಸೋಮವಾರದಿಂದ ಬುಧವಾರದವರೆಗೆ ಪರ್ಮಿಟ್ ಸಿಕ್ಕಿದೆ," ಎಂದ ಅವನು, ಅವಳಿಗೆ ಮಾತ್ರ ಕೇಳಿಸುವಂತೆ. ನಾನು ಮೊದಲ ಸಾಲಿನಲ್ಲಿದ್ದೆ, ನನಗೂ ಕೇಳಿಸಿತು.

ಅವನು ಜೇಬಿನಿಂದ ತೆಗೆದ ಪರ್ಮಿಟ್ಟನ್ನು ಅವಳು ಇಸಿದುಕೊಂಡು ಓದಿದಳು. "ಇದು ಬೂದಿ ಚೆಲ್ಲೋಕೆ ಕೊಡೋ ಪರ್ಮಿಟ್ಟು."

"ಮಲಗೋಕೂ ಆಗುತ್ತೆ. ಕೇಳಿದೀನಿ."

ಮಾರ್ವಾ ಅದನ್ನು ಮಡಿಸಿ ಅವನ ಜೇಬಿಗಿಟ್ಟಳು. "ಮೂರು ದಿನ. ಆಮೇಲೆ ನನ್ನನ್ನ ಟೂಸಾನ್‌ಗೆ ಬಿಟ್ಟುಬರಬೇಕು."

ಆಗಲಿ ಎಂದು ತಲೆಯಾಡಿಸಿದ.

ಸೋಮವಾರ ಬೆಳಿಗ್ಗೆ ಅವರು ಹೊರಟರು. ಬೀದಿಯವರೆಲ್ಲ ಪರದೆಯ ಹಿಂದೆ ನಿಂತು ನೋಡಿದೆವು, ಕೈ ಬೀಸಲು ಯಾರಿಗೂ ಮುಖವಿರಲಿಲ್ಲ. ಶುಕ್ರವಾರ ಡಿಲಾಯ್ ಒಬ್ಬನೇ ಹಿಂದಿರುಗಿದ.

ಎರಡು ದಿನ ಯಾರೂ ಅವನ ಮನೆಗೆ ಹೋಗಲಿಲ್ಲ. ಸಾವಾದರೆ ಏನು ಮಾಡಬೇಕು, ಏನು ಬೇಯಿಸಬೇಕು ಎಂದು ನಮಗೆ ಗೊತ್ತು. ಇದಕ್ಕೆ ಏನು ಒಯ್ಯಬೇಕೆಂದು ನೆಡ್ರಾಗೂ ತಿಳಿಯಲಿಲ್ಲ. ಮೂರನೇ ದಿನ ನಾನು ಬರಿಗೈಯಲ್ಲಿ ಹೋಗಿ ಅವನ ಮೆಟ್ಟಿಲ ಮೇಲೆ ಕುಳಿತೆ. ಅವನಾಗಿಯೇ ಹೇಳಿದ.

ಅವನ ಲೆಕ್ಕವೆಲ್ಲ ತಪ್ಪಾಗಿತ್ತಂತೆ. ನೀರಿದೆ ಎಂದು ಜರ್ಮನ್ನರಿಗೆ ಹೇಳುತ್ತಿದ್ದ ಕಮರಿಯಲ್ಲಿ ಒಣ ಕಲ್ಲುಗಳಿದ್ದವು. ನೆರಳು ಅವನು ಹೇಳುತ್ತಿದ್ದ ಹೊತ್ತಿಗೆ ಅಲ್ಲಿ ಬೀಳಲಿಲ್ಲ. ಗಟ್ಟಿ ನೆಲವೆಂದು ಬರೆದುಕೊಂಡ ಜಾಗದಲ್ಲೇ ಚಕ್ರ ಹೂತುಹೋಯಿತು. ಇಬ್ಬರೂ ಆಲೂಗಡ್ಡೆಯ ತಟ್ಟೆಗಳಿಂದ ಮರಳು ತೋಡಿದರು. ಮಾರ್ವಾ ಒಮ್ಮೆಯೂ ರೇಗಲಿಲ್ಲ. ಇಡೀ ಹಗಲು ಒಂದು ಬಂಡೆಯ ಮೇಲೆ ಕುಳಿತು ನೋಡಿದಳು. ಅವಳು ಏನು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ, ಪಕ್ಕದಲ್ಲಿ ಕುಳಿತ. ಕೊನೆಯ ದಿನ ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತಂತೆ.

"ನಲವತ್ತು ನಿಮಿಷ, ಡಿಲಾಯ್. ಬರೀ ನಲವತ್ತು ನಿಮಿಷ."

ಅವನು ಅವಳನ್ನು ಟೂಸಾನ್‌ಗೆ ಒಯ್ದು, ಚೀಲವನ್ನು ವೋಂಡಾಳ ಜಗುಲಿಯ ಮೇಲಿಟ್ಟು ಬಂದ.

ಆ ಬೇಸಿಗೆಯಿಡೀ ಯಾರಾದರೂ ದಾರಿ ಕೇಳಲು ಗಾಡಿ ನಿಲ್ಲಿಸಿದರೆ ಡಿಲಾಯ್ ಹೊರಗೆ ಬಂದು, ನನಗೆ ಅಷ್ಟಾಗಿ ಗೊತ್ತಿಲ್ಲ ಎಂದು ಹೇಳಿ ಒಳಗೆ ಹೋಗುತ್ತಿದ್ದ. ಅಕ್ಟೋಬರ್‌ನಲ್ಲಿ ಒಂದು ದಿನ ಮನೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟ. ಏಳು ಫೈಲುಗಳನ್ನು ಕಸದ ಗಾಡಿಗೆ ಹಾಕಿದ್ದ. ಎಲ್ಲಿಗೆ ಎಂದೆ. ದಕ್ಷಿಣಕ್ಕೆ ಎಂದ. ಎಷ್ಟು ದಿನ ಎಂದೆ. ಅಳೆದು ನೋಡಿಲ್ಲ ಎಂದ. ಪಕ್ಕದಲ್ಲಿ ನಾನು ಕೊರೆದ ಸೊಟ್ಟ ಕಿಟಕಿಯ ಆ ವ್ಯಾನು ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮಿಕ್ಕಿದ್ದು ನಮಗೆ ತಿಳಿದದ್ದು ಮಾರ್ವಾ ನೆಡ್ರಾಗೆ ಬರೆದ ಕಾಗದಗಳಿಂದ. ಟೂಸಾನ್‌ನ ಹೊರಗೆ ಕ್ಯಾಂಪರ್ ಗಾಡಿಗಳು ತಂಗುವ ಬಯಲೊಂದರಲ್ಲಿ ಅವನು ಉಸ್ತುವಾರಿಯ ಕೆಲಸ ಹಿಡಿದಿದ್ದಾನೆ. ವ್ಯಾನಿನಲ್ಲೇ ಇರುತ್ತಾನೆ. ಮೊದಲ ಎರಡು ತಿಂಗಳು ತಾನು ಬಂದಿರುವುದನ್ನು ಹೇಳಿಯೇ ಇರಲಿಲ್ಲವಂತೆ. ವೋಂಡಾ ಪೆಟ್ರೋಲ್ ಬಂಕಿನಲ್ಲಿ ಆ ಕಿಟಕಿ ನೋಡಿ ಗುರುತು ಹಿಡಿದಳು. ಈಗ ಬುಧವಾರ ಸಂಜೆ ಮಾರ್ವಾ ಅಲ್ಲಿಗೆ ಹೋಗುತ್ತಾಳೆ. ಅವನು ಹೊರಗೆ ಎರಡು ಕುರ್ಚಿ ಹಾಕುತ್ತಾನೆ. ಹೆಚ್ಚು ಮಾತಿಲ್ಲ. ಕತ್ತಲಾಗುವ ಮೊದಲು ಅವಳು ಎದ್ದು ಬರುತ್ತಾಳೆ. ಒಳಗೆ ಬಾ ಎಂದು ಅವನು ಕರೆದಿಲ್ಲ, ಅವಳೂ ಹೋಗಿಲ್ಲ.

ಕರೆದರೆ ಹೋಗುತ್ತೀಯಾ ಎಂದು ನೆಡ್ರಾ ನೇರವಾಗಿ ಕೇಳಿ ಬರೆದಳು. ಆ ಪ್ರಕರಣದ ನಂತರ ಅವಳು ಎಲ್ಲವನ್ನೂ ನೇರವಾಗಿಯೇ ಕೇಳುತ್ತಾಳೆ. ಮರು ವರ್ಷದ ಜೂನ್ ಕೊನೆಗೆ ಉತ್ತರ ಬಂತು. ನೆಡ್ರಾ ಅದನ್ನು ಹಿಡಿದು ರಸ್ತೆ ದಾಟಿ ಬಂದು, ತನಗೇನೂ ಅರ್ಥವಾಗಲಿಲ್ಲ, ಕೇಳಿದ್ದೊಂದು ಬರೆದದ್ದೊಂದು ಎಂದು ಗೊಣಗುತ್ತ ನನ್ನ ಕೈಗಿಟ್ಟಳು. ವೋಂಡಾಳ ಆರೋಗ್ಯದ ವಿಷಯ ಇತ್ತು, ಯಾವುದೋ ಹೊಲಿಗೆಯ ವಿಷಯ ಇತ್ತು. ಕೊನೆಯಲ್ಲಿ ಮೂರು ಸಾಲು. ಈ ವರ್ಷ ಟೂಸಾನ್‌ನಲ್ಲಿ ಸೆಕೆ ಬಹಳವಂತೆ. ಸಂಜೆಯ ಹೊತ್ತೂ ಹೊರಗೆ ಕೂರಲು ಆಗುತ್ತಿಲ್ಲವಂತೆ. ಬುಧವಾರ ಮಾತ್ರ ಒಂದೂ ತಪ್ಪಿಲ್ಲವಂತೆ.